ಜೆರಾಕ್ಸ್ ಕೊಡಬಹುದಾ ಮೇಡಂ?

ಮಲೆನಾಡಿನ ಗ್ರಂಥಪಾಲಕರಿಗೆ ಮಳೆಗಾಲ ಅಂದರೆ ಬೂಷ್ಟಿನ ಕಾಲ. ತೀರ್ಥಹಳ್ಳಿ ಸೀಮೆಯ ನಮ್ಮ ಕಾಲೇಜಿನಲ್ಲಿ ಜೂನ್ ಬಂತೆಂದರೆ ನಾನು ಮೊದಲು ತೆಗೆದು ನೋಡುವುದು ಸ್ಥಳೀಯ ಚರಿತ್ರೆಯ ಕಪಾಟು. ಅಲ್ಲಿರುವುದೆಲ್ಲ ಒಂದೇ ಸಲ ಅಚ್ಚಾದ ಪುಸ್ತಕಗಳು, ಹೋದರೆ ಹೋಯಿತು.

ಕೆಲವು ವರ್ಷಗಳ ಹಿಂದೆ ಅಲ್ಲೊಂದು ತೆಳು ಪುಸ್ತಕ ಕೈಗೆ ಬಂತು. ಸುತ್ತಲಿನ ಹಳ್ಳಿಗಳ ಚೌಡಿ, ಭೂತ, ಹಬ್ಬಗಳ ಬಗ್ಗೆ ನಿವೃತ್ತ ಮೇಷ್ಟರೊಬ್ಬರು ಬರೆದದ್ದು. ಹೊಲಿಗೆ ಬಿಚ್ಚಿತ್ತು, ಅಂಚಿಗೆಲ್ಲ ಹಸಿರು ಬೂಷ್ಟು. ಹಾಳೆ ಹಾಳೆ ಒರೆಸಿ, ನಡುವೆ ಬ್ಲಾಟಿಂಗ್ ಪೇಪರ್ ಇಟ್ಟು ಒಣಗಿಸಿ, ಎರಡು ದಿನ ಕೂತು ಸ್ಕ್ಯಾನ್ ಮಾಡಿದೆ. ಪ್ರಾಜೆಕ್ಟ್ ಮಾಡುತ್ತಿದ್ದ ಹುಡುಗಿಯೊಬ್ಬಳು ಕೇಳಿದಳು. ಇಡೀ ಪಿಡಿಎಫ್ ವಾಟ್ಸಾಪ್ ಮಾಡಿಬಿಟ್ಟೆ. ವಾರದೊಳಗೆ ಅದು ನಾಲ್ಕಾರು ಗ್ರೂಪುಗಳಲ್ಲಿ ಓಡಾಡುತ್ತಿತ್ತು, ಮೊದಲ ಪುಟದಲ್ಲಿ ನಮ್ಮ ಕಾಲೇಜಿನ ಸೀಲು ಸಮೇತ.

ಆ ಸೀಲು ನೋಡಿಯೇ ಮೇಷ್ಟರ ಮಗಳು ಫೋನ್ ಮಾಡಿದ್ದು. "ಮೇಡಂ, ಅಪ್ಪ ಆ ವರ್ಷದ ಅಡಿಕೆ ದುಡ್ಡು ಹಾಕಿ ಅಚ್ಚು ಹಾಕಿಸಿದ್ದು. ಅಟ್ಟದ ಮೇಲೆ ಇನ್ನೂ ಒಂದು ಕಟ್ಟು ಇದೆ, ಕೇಳಿದವರಿಗೆ ಮಾರ್ತೀವಿ. ಒಂದು ಮಾತು ಕೇಳಿದ್ರೆ ನಾವು ಕೊಡ್ತಿರ್ಲಿಲ್ವಾ?" ಕೋಪವಿರಲಿಲ್ಲ ಆ ದನಿಯಲ್ಲಿ, ನೋವಿತ್ತು. ನನಗೆ ಮಾತೇ ಹೊರಡಲಿಲ್ಲ.

ಯಾವ ಬಳಕೆ ಹಕ್ಕುಸ್ವಾಮ್ಯದ ಉಲ್ಲಂಘನೆಯಲ್ಲ ಎಂದು ಹೇಳುವ, 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನನ್ನು ನಾನು ಸರಿಯಾಗಿ ಕೂತು ಓದಿದ್ದು ಆ ರಾತ್ರಿ. ಪದವಿಗಾಗಿ ಓದಿದ್ದು ಬೇರೆ, ತಪ್ಪು ಮಾಡಿದ ಮೇಲೆ ಓದುವುದು ಬೇರೆ. ಲಾಭಕ್ಕಾಗಿ ನಡೆಸದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿರುವ ಪುಸ್ತಕವನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಬಹುದು. 2012ರ ತಿದ್ದುಪಡಿಯಲ್ಲಿ ಸೇರಿದ ಮಾತು ಇದು. ಇಟ್ಟುಕೊಳ್ಳಬಹುದು ಅಂದಿದೆಯೇ ಹೊರತು ಹಂಚಬಹುದು ಅಂದಿಲ್ಲ. ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕವಾದರೆ ಗ್ರಂಥಾಲಯದ ಉಪಯೋಗಕ್ಕೆ ಹೆಚ್ಚೆಂದರೆ 3 ಪ್ರತಿ ಮಾಡಿಕೊಳ್ಳಬಹುದು. ನಮ್ಮ ಪುಸ್ತಕ ಅಟ್ಟದ ಮೇಲೆ ಮಾರಾಟಕ್ಕಿತ್ತಲ್ಲ! ಶಿವಮೊಗ್ಗದ ಅಂಗಡಿಯಲ್ಲಿ ಸಿಗಲಿಲ್ಲ ಅಂದಮಾತ್ರಕ್ಕೆ ಎಲ್ಲೂ ಇಲ್ಲ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಇನ್ನೊಂದು ತೊಡಕು: 'ಸಾರ್ವಜನಿಕ ಗ್ರಂಥಾಲಯ' ಅಂದರೆ ಯಾವುದು ಎಂದು ಕಾಯ್ದೆ ಬಿಡಿಸಿ ಹೇಳಿಲ್ಲ. ನಮ್ಮದು ಕಾಲೇಜಿನ ಮಕ್ಕಳಿಗಷ್ಟೇ ತೆರೆದ ಬಾಗಿಲು. ಹಾಗಾಗಿ ಅನುಮಾನವಿದ್ದಲ್ಲಿ ಈಗ ಬರಹದಲ್ಲೇ ಒಪ್ಪಿಗೆ ಕೇಳುತ್ತೇನೆ.

ಹಾಗೆಂದು ಹೆದರಿ ಜೆರಾಕ್ಸ್ ಮೆಷಿನ್ನಿಗೆ ಬೀಗ ಹಾಕುವುದನ್ನು ನಾನು ಒಪ್ಪುವುದಿಲ್ಲ. ಸ್ವಂತ ಅಧ್ಯಯನಕ್ಕೆ, ಸಂಶೋಧನೆಗೆ, ವಿಮರ್ಶೆಗೆ ನ್ಯಾಯವಾಗಿ ಬಳಸುವುದಕ್ಕೆ ಕಾನೂನೇ ಜಾಗ ಬಿಟ್ಟಿದೆ. ಶೇ. 10ರಷ್ಟು ಪುಟ ಮಾತ್ರ ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇದೆ, 52ನೇ ಸೆಕ್ಷನ್‌ನ ಈ ಅಂಶದಲ್ಲಿ ಇಲ್ಲ. ಪಾಠಕ್ಕೆಂದು ಅಧ್ಯಾಪಕರು, ವಿದ್ಯಾರ್ಥಿಗಳು ಮಾಡಿಕೊಳ್ಳುವ ಪ್ರತಿಗೆ ಬೇರೆಯದೇ ವಿನಾಯಿತಿ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನಗಳು ದೆಹಲಿ ವಿಶ್ವವಿದ್ಯಾಲಯದ ಒಂದು ಜೆರಾಕ್ಸ್ ಅಂಗಡಿಯ ಮೇಲೆ 2012ರಲ್ಲಿ ಹೂಡಿದ ದಾವೆಯಲ್ಲಿ, ಪಾಠಕ್ಕೆ ಅಗತ್ಯವಿದ್ದಷ್ಟನ್ನು ಪ್ರತಿ ಮಾಡುವುದು ತಪ್ಪಲ್ಲ ಎಂದು 2016ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಮರುವರ್ಷ ಪ್ರಕಾಶಕರು ದಾವೆ ಹಿಂತೆಗೆದುಕೊಂಡರು. ಸಾವಿರಾರು ರೂಪಾಯಿಯ ಪಠ್ಯಪುಸ್ತಕ ಕೊಳ್ಳಲಾಗದ ಕೂಲಿಕಾರರ ಮಕ್ಕಳನ್ನು ದಿನಾ ನೋಡುವ ನನಗೆ ಆ ತೀರ್ಪು ದೊಡ್ಡ ಆಸರೆ.

ಈಗ "ಜೆರಾಕ್ಸ್ ಕೊಡಬಹುದಾ ಮೇಡಂ?" ಅಂದರೆ ನಾನು ಮೊದಲು ಕೇಳುವುದು: ಏತಕ್ಕೆ, ಯಾವ ಅಧ್ಯಾಯ? ಆಮೇಲೆ ಲೇಖಕರು ತೀರಿಕೊಂಡ ವರ್ಷ ನೋಡುತ್ತೇನೆ, ಹಕ್ಕು ಲೆಕ್ಕಹಾಕುವುದು ಅಲ್ಲಿಂದ. ಶಿವಮೊಗ್ಗ ಜಿಲ್ಲೆಯ ಶಾಸನಗಳ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು 1902 ಮತ್ತು 1904ರವು, ಅವನ್ನು ಸಂಪಾದಿಸಿದ ಬಿ.ಎಲ್. ರೈಸ್ ತೀರಿಕೊಂಡದ್ದು 1927ರಲ್ಲಿ. ಅವನ್ನು ಇಡಿಯಾಗಿ ಕೊಡುತ್ತೇನೆ. ಕುವೆಂಪು ನಮ್ಮೂರಿಗೆಲ್ಲ ಮನೆಯ ಹಿರಿಯರೇ. ಆದರೂ ಅವರು ಹೋದದ್ದು 1994ರಲ್ಲಿ, ಬದುಕಿದ್ದಾಗ ಅಚ್ಚಾದ ಕೃತಿಗಳ ಹಕ್ಕು 60 ವರ್ಷ ಸೇರಿ 2054ರ ಕೊನೆಯವರೆಗೂ ಇದೆ. ಪುಸ್ತಕ ಅಂಗಡಿಯಲ್ಲಿ ಸಿಗುವಾಗ ಇಡೀ ಕಾದಂಬರಿಯ ಪಿಡಿಎಫ್ ಕೇಳಿದರೆ ಇಲ್ಲ ಎನ್ನುತ್ತೇನೆ, ಪುಸ್ತಕವನ್ನೇ ಕೈಗಿಡುತ್ತೇನೆ.

ಮೇಷ್ಟರ ಮಗಳ ಫೋನ್ ಬಂದ ಮೇಲೆ ಗೊತ್ತಿದ್ದ ಗ್ರೂಪುಗಳಿಗೆಲ್ಲ ಬರೆದು, ಆ ಪಿಡಿಎಫ್ ದಯವಿಟ್ಟು ಅಳಿಸಿ ಎಂದು ಕೇಳಿಕೊಂಡೆ. ದೀಪಾವಳಿ ರಜೆಯಲ್ಲಿ ಮೇಷ್ಟರ ಮನೆಗೇ ಹೋದೆ. ಅಂಗಳದ ತುಂಬ ಸುಲಿದ ಅಡಿಕೆ. ಮಗಳು ಅಟ್ಟದಿಂದ ಕಟ್ಟು ಇಳಿಸಿ, ಧೂಳು ಕೊಡವಿ, 6 ಪ್ರತಿ ಎಣಿಸಿದರು, ಮುಖಬೆಲೆಗೇ ಕೊಂಡೆ. ಆಮೇಲೆ ಒಂದು ಹಾಳೆಯಲ್ಲಿ ಬರೆದುಕೊಟ್ಟರು: ಸ್ಕ್ಯಾನ್ ಪ್ರತಿ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ಓದಬಹುದು, ಅಪ್ಪನ ಹೆಸರಿರುವ ಪುಟ ತೆಗೆಯಬಾರದು. ಆ ಹಾಳೆಯನ್ನು ಹಳೆಯ ಪ್ರತಿಯ ರಟ್ಟಿನ ಒಳಬದಿಗೆ ಅಂಟಿಸಿದ್ದೇನೆ.