ಎಕ್ಸ್‌ರೇಯಲ್ಲಿ ಕಂಡ ಕಪ್ಪೆಲ್ಲ ಕೀವಲ್ಲ

ದಾವಣಗೆರೆಯ ನಮ್ಮ ಕ್ಲಿನಿಕ್ಕಿಗೆ ಬರುವ ಬಹಳ ಜನ ಹಲ್ಲಿನ ಎಕ್ಸ್‌ರೇಯನ್ನು ಟ್ಯೂಬ್‌ಲೈಟಿಗೆ ಹಿಡಿದು, "ಡಾಕ್ಟ್ರೇ, ಇಲ್ಲಿ ಕಪ್ಪಗಿದೆ, ಕೀಳಿಸಲೇಬೇಕಾ?" ಎಂದು ಗಾಬರಿಯಾಗುತ್ತಾರೆ. ಕಲಿಯುವ ಹುಡುಗರೂ ಇಲ್ಲೇ ಎಡವುತ್ತಾರೆ. ನಾವು ನೋಡುವ ಕ್ರಮ ಹೀಗಿದೆ.

ಮೊದಲು ಫಿಲ್ಮಿನ ಮೂಲೆ ಸವರಿ. ಸಾಸಿವೆಯಷ್ಟು ಉಬ್ಬಿದ ಚುಕ್ಕೆ ಬೆರಳಿಗೆ ಸಿಗುತ್ತದೆ. ಉಬ್ಬು ನಿಮ್ಮ ಕಡೆ ಇರಲಿ. ಆಗ ಎದುರಿಗೆ ಕೂತವರ ಬಾಯಿ ನೋಡಿದ ಹಾಗೆ, ಅವರ ಬಲ ನಿಮ್ಮ ಎಡಕ್ಕೆ ಬರುತ್ತದೆ.

ಗಟ್ಟಿಯಾದದ್ದು ಬೆಳ್ಳಗೆ, ಟೊಳ್ಳಾದದ್ದು ಕಪ್ಪಗೆ. ಬೆಳ್ಳಿ ತುಂಬಿಸಿದ ಹಲ್ಲು ಎಲ್ಲಕ್ಕಿಂತ ಬಿಳಿ. ಇಷ್ಟು ಸುಲಭ.

ಕಷ್ಟ ಇರುವುದು ಬೇರಿನ ತುದಿಯಲ್ಲಿ. ಕೆಳಗಿನ ಕೋರೆಹಲ್ಲಿನ ಹಿಂದಿನ ಎರಡು ಹಲ್ಲುಗಳ ಹತ್ತಿರ ದವಡೆಯಲ್ಲಿ ನರ ಹೊರಬರುವ ರಂಧ್ರವೊಂದಿದೆ. ಎಲ್ಲರಿಗೂ ಇರುತ್ತದೆ. ಅದು ಬೇರಿನ ತುದಿಗೆ ಸರಿಯಾಗಿ ಬಿದ್ದರೆ ಥೇಟ್ ಕೀವಿನ ಗೂಡಿನ ಹಾಗೇ ಕಾಣುತ್ತದೆ. ಬೇರಿನ ಸುತ್ತ ಕೂದಲೆಳೆಯಂಥ ಕಪ್ಪು ಗೆರೆ, ಅದರಾಚೆ ಒಂದು ಬಿಳಿ ಗೆರೆ ಇರುತ್ತದೆ. ಆ ಬಿಳಿ ಗೆರೆಯನ್ನು ಕಣ್ಣಲ್ಲೇ ಹಿಡಿದು ತುದಿಯವರೆಗೆ ಹೋಗಿ. ಎಲ್ಲೂ ತುಂಡಾಗಿಲ್ಲವಾ? ಹಾಗಾದರೆ ಅವಸರ ಬೇಡ. ಕೋನ ಬದಲಿಸಿ ಇನ್ನೊಂದು ಎಕ್ಸ್‌ರೇ ತೆಗೆಯಿರಿ. ರಂಧ್ರವಾದರೆ ಬೇರು ಬಿಟ್ಟು ಪಕ್ಕಕ್ಕೆ ಸರಿಯುತ್ತದೆ, ಕೀವಾದರೆ ತುದಿಗೇ ಅಂಟಿಕೊಂಡಿರುತ್ತದೆ. ಹಲ್ಲಿಗೆ ತಣ್ಣನೆಯ ಹತ್ತಿ ಮುಟ್ಟಿಸಿಯೂ ನೋಡಬೇಕು. ಜೀವ ಇರುವ ಹಲ್ಲು ಜುಮ್ಮೆನ್ನುತ್ತದೆ.

ಜಗಳೂರು ಕಡೆಯ ರೈತರೊಬ್ಬರಿಗೆ ಬೇರೊಂದು ಕಡೆ ರೂಟ್ ಕೆನಾಲ್ ಹೇಳಿದ್ದರು. ಬಿಳಿ ಗೆರೆ ಪೂರ್ತಿ ಇತ್ತು, ತಣ್ಣಗೆ ತಾಗಿದ್ದೂ ಗೊತ್ತಾಯಿತು. ವಸಡಿನ ಸಂದಿಯಲ್ಲಿ ಮಂಡಕ್ಕಿಯ ಹೊಟ್ಟು ಸಿಕ್ಕಿಕೊಂಡಿತ್ತು, ಅಷ್ಟೆ. ತೆಗೆದು ತೊಳೆದೆ, ಎರಡೇ ದಿನಕ್ಕೆ ನೋವು ಹೋಯಿತು.

ಇನ್ನೊಂದು ಮಾತು. ಎಕ್ಸ್‌ರೇಯ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿ ಸಲಹೆ ಕೇಳಬೇಡಿ. ಆ ಬಿಳಿ ಗೆರೆಯೇ ಅಳಿಸಿಹೋಗಿರುತ್ತದೆ. ಸರಿಯಾಗಿ ತೊಳೆಯದೆ ಕಂದು ಬಣ್ಣಕ್ಕೆ ತಿರುಗಿದ ಫಿಲ್ಮನ್ನಂತೂ ನಾನು ಓದುವುದೇ ಇಲ್ಲ, ಹೊಸದು ತೆಗೆಯುತ್ತೇನೆ.

ಹುಳುಕಿನ ವಿಷಯ ಉಲ್ಟಾ. ಹಲ್ಲಿನ ಖನಿಜ ಸುಮಾರು ಶೇ 30ರಿಂದ 40ರಷ್ಟು ಕರಗಿದ ಮೇಲೇ ಅದು ಕಪ್ಪಗೆ ಕಾಣುವುದು. ಒಳಗೆ ಹುಳುಕು ಕಂಡದ್ದಕ್ಕಿಂತ ಜಾಸ್ತಿಯೇ ಇರುತ್ತದೆ. ಆದರೆ ಹಲ್ಲು ವಸಡಿಗೆ ಸೇರುವ ಕುತ್ತಿಗೆಯಲ್ಲಿ ಕಪ್ಪು ಕಂಡರೆ, ಹಲ್ಲು ಪರೀಕ್ಷಿಸುವ ಕಡ್ಡಿಯ ಮೊನೆಯಿಂದ ಮುಟ್ಟಿ ನೋಡಿ. ಗಟ್ಟಿಯಿದ್ದರೆ ಅದು ಬರೀ ನೆರಳು.

ಕೊನೆಗೆ ಮೂಳೆಯ ಮಟ್ಟ. ಹಲ್ಲಿನ ಹೊರಹೊದಿಕೆಯಾದ ಎನಾಮಲ್ ಮುಗಿಯುವಲ್ಲಿಂದ ಬೇರಿನ ಕಡೆಗೆ 1–2 ಮಿ.ಮೀ. ದೂರದಲ್ಲಿದ್ದರೆ ಸರಿ. ಫಿಲ್ಮನ್ನು ತಾರೀಖು ಬರೆದ ಕವರಿನಲ್ಲಿಡಿ, ಮುಂದಿನ ಸಲ ಬರುವಾಗ ತನ್ನಿ. ಮೂಳೆ ಎಷ್ಟು ಇಳಿದಿದೆ ಎಂದು ಎರಡನ್ನೂ ಪಕ್ಕಪಕ್ಕ ಇಟ್ಟೇ ಹೇಳಬೇಕು.