ಬೇಳೆ ಡಬ್ಬಿ ತುಂಬಿರಲಿ, ಅಸಲು ಇಳಿಯಲಿ

ಹೋದ ತಿಂಗಳು ಬೆಂಗಳೂರಿನ ಮಗನ ಮನೆಗೆ ಹೋಗಿದ್ದೆ. ಕಾಲಿಟ್ಟ ದಿನವೇ ಕಣ್ಣಿಗೆ ಬಿದ್ದದ್ದು ಕಸದ ಬುಟ್ಟಿಗೆ ಸುರಿದಿದ್ದ ತೊಗರಿಬೇಳೆ. ಎರಡು ಸೇರಿಗೆ ಕಡಿಮೆ ಇರಲಿಲ್ಲ. "ಹುಳ ಬಿದ್ದಿತ್ತು ಅತ್ತೆ, ಆಫರ್ ಇತ್ತು ಅಂತ ಐದು ಕೆಜಿ ತಂದಿದ್ದೆವು" ಅಂದಳು ಸೊಸೆ. ಅವಳ ಮಾತು ಮುಗಿಯುವಷ್ಟರಲ್ಲಿ ಮಗ ಫೋನಿನಲ್ಲಿ ಅರ್ಧ ಕೆಜಿ ಬೇಳೆ ಆರ್ಡರ್ ಮಾಡಿಯಾಗಿತ್ತು. ಹತ್ತು ನಿಮಿಷಕ್ಕೆ ಬಂತು. ಜೊತೆಗೆ ಒಂದು ಚಿಪ್ಸ್ ಪ್ಯಾಕೆಟ್ಟು, ಎರಡು ಚಾಕೊಲೇಟು, ಒಂದು ಜ್ಯೂಸ್ ಬಾಟಲಿಯೂ ಬಂದವು. "ಇಷ್ಟು ತಗೊಂಡರೆ ಡೆಲಿವರಿ ಫ್ರೀ ಅಮ್ಮ" ಅಂತ ಸಮಜಾಯಿಷಿ ಬೇರೆ. ಅದೇ ರಾತ್ರಿ ಊಟಕ್ಕೆ ಕೂತಾಗ ಹೋಮ್ ಲೋನಿನ ಮಾತು ತೆಗೆದ. "ಮೂರು ವರ್ಷ ಕಟ್ಟಿದೆ, ಅಸಲು ಅಲ್ಲಾಡಿದ ಹಾಗೇ ಇಲ್ಲ" ಅಂದ.

ಹೇಗೆ ಅಲ್ಲಾಡುತ್ತೆ? ನನಗೆ ಅವತ್ತು ಊಟ ಸೇರಲಿಲ್ಲ. ಮಗನ ಮನೆ ಒಂದೇ ಅಲ್ಲ, ತಂಗಿಯ ಮಗಳ ಮನೆಯಲ್ಲೂ ಇದೇ, ಪಕ್ಕದ ಮನೆಯ ಹುಡುಗರದ್ದೂ ಇದೇ. ಕಾಫಿ ಬಿಟ್ಟೆ, ಸಿನಿಮಾ ಬಿಟ್ಟೆ ಅಂತ ದೊಡ್ಡ ತ್ಯಾಗ ಮಾಡಿದವರ ಹಾಗೆ ಹೇಳುತ್ತಾರೆ. ಉಗ್ರಾಣ ನೋಡಿದರೆ ಖಾಲಿ. ಉಗ್ರಾಣ ಖಾಲಿ ಇದ್ದ ಮನೆಯಲ್ಲಿ ದುಡ್ಡು ದಿನಾ ಸೋರುತ್ತದೆ, ಸೋರಿದ್ದು ಗೊತ್ತೂ ಆಗುವುದಿಲ್ಲ. ಮೆಣಸಿನಕಾಯಿಗೆ ಅಂತ ಫೋನು ಎತ್ತಿದವರು ಮುನ್ನೂರು ರೂಪಾಯಿ ಕಳೆದೇ ಇಡುತ್ತಾರೆ.

ಲೆಕ್ಕ ಹೇಳುತ್ತೇನೆ, ಪೆನ್ನು ಹಿಡಿದು ನೀವೂ ಹಾಕಿ ನೋಡಿ. ಐವತ್ತು ಲಕ್ಷದ ಸಾಲ, ಶೇಕಡಾ 8.5 ಬಡ್ಡಿ, 20 ವರ್ಷ ಅಂದರೆ ತಿಂಗಳ ಕಂತು ಸುಮಾರು 43,400 ರೂಪಾಯಿ. ಮೊದಲ ಕಂತಿನಲ್ಲಿ 35,400ರಷ್ಟು ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸೇರುವುದು ಎಂಟು ಸಾವಿರ, ಅದೂ ಪೂರ್ತಿ ಇಲ್ಲ. ಇಪ್ಪತ್ತು ವರ್ಷ ಹೀಗೇ ಕಟ್ಟುತ್ತಾ ಹೋದರೆ ಬಡ್ಡಿಯೊಂದೇ 54 ಲಕ್ಷ. ಅದೇ ವರ್ಷಕ್ಕೊಂದು ಕಂತು ಹೆಚ್ಚಿಗೆ ಕಟ್ಟಿಕೊಂಡು ಬಂದರೆ ಇಪ್ಪತ್ತು ವರ್ಷದ ಸಾಲ ಮೂರು ವರ್ಷಕ್ಕೂ ಹೆಚ್ಚು ಮುಂಚಿತವಾಗಿ ತೀರುತ್ತದೆ, ಹತ್ತು ಲಕ್ಷದ ಹತ್ತಿರ ಬಡ್ಡಿ ಉಳಿಯುತ್ತದೆ. ವರ್ಷಕ್ಕೆ 43,400 ಅಂದರೆ ದಿನಕ್ಕೆ 120 ರೂಪಾಯಿ. ಆ ಚಿಪ್ಸು, ಚಾಕೊಲೇಟು, ಜ್ಯೂಸಿನ ಲೆಕ್ಕ ನೀವೇ ಮಾಡಿಕೊಳ್ಳಿ.

ನಾವು ಮೈಸೂರಿನಲ್ಲಿ ಮನೆ ಕಟ್ಟಿಸಲು ಸಾಲ ತೆಗೆದದ್ದು 1994ರಲ್ಲಿ. ಎರಡು ಲಕ್ಷ, ಹದಿನೈದು ವರ್ಷ, ಬಡ್ಡಿ ಶೇಕಡಾ ಹದಿನೈದು. ಈಗಿನವರಿಗೆ ಕೇಳಿದರೆ ತಲೆ ತಿರುಗಬೇಕು. ಕಂತು 2,850 ರೂಪಾಯಿ, ಯಜಮಾನರ ಸಂಬಳದ ಮೂರನೇ ಒಂದು ಪಾಲಿಗೂ ಮೇಲೆ. ಅವತ್ತು ನಮಗೆ ಸಾಲ ಕೊಟ್ಟವರು ವರ್ಷಕ್ಕೊಮ್ಮೆ ಮಾತ್ರ ಅಸಲು ಇಳಿಸಿ ಬಡ್ಡಿ ಲೆಕ್ಕ ಹಾಕುತ್ತಿದ್ದರು. ಏಪ್ರಿಲ್‌ನಲ್ಲಿ ಕಟ್ಟಿದರೂ ಅದು ಅಸಲಿನಲ್ಲಿ ಕಳೆಯುತ್ತಿದ್ದದ್ದು ಮುಂದಿನ ಮಾರ್ಚಿಗೆ. ಇದು ಗೊತ್ತಾದ ಮೇಲೆ ಯಜಮಾನರು ಉಳಿದದ್ದನ್ನೆಲ್ಲ ಕೂಡಿಸಿಟ್ಟು ಮಾರ್ಚ್ ಕೊನೆಯ ವಾರ ಹೋಗಿ ಕಟ್ಟಿ ಬರುತ್ತಿದ್ದರು. ಈಗ ಹಾಗಿಲ್ಲ, ಕಟ್ಟಿದ ತಿಂಗಳೇ ಅಸಲು ಇಳಿಯುತ್ತದೆ. ಇಷ್ಟು ಅನುಕೂಲ ಇಟ್ಟುಕೊಂಡು ಸುಮ್ಮನೆ ಕೂರುತ್ತೀರಲ್ಲ ಅಂತ ನನಗೆ ಸಂಕಟ.

ಹದಿನೈದು ವರ್ಷದ ಸಾಲ ಹನ್ನೊಂದಕ್ಕೆ ತೀರಿತು. ತೀರಿಸಿದ್ದು ಯಾವ ಬೋನಸ್ಸೂ ಅಲ್ಲ. ವರ್ಷದ ಸಾಮಾನನ್ನು ಆಯಾ ಕಾಲಕ್ಕೆ ಒಟ್ಟಿಗೆ ತಂದು, ಒಂದು ಕಾಳು ಹಾಳಾಗದ ಹಾಗೆ ಇಟ್ಟುಕೊಂಡದ್ದು. ಅದರಲ್ಲೂ ತೊಗರಿಬೇಳೆ. ಇದನ್ನು ನಮ್ಮತ್ತೆ ನನ್ನ ಕೈ ಹಿಡಿದು ಕಲಿಸಿದರು, ಹಾಗಾಗಿ ಬಿಡಿಸಿ ಹೇಳುತ್ತೇನೆ. ಅವಸರದವರು ಬೇಕಾದರೆ ಎದ್ದು ಹೋಗಿ.

ಹೊಸ ತೊಗರಿ ಕಲಬುರಗಿ ಕಡೆಯಿಂದ ಬರುವುದು ಸಂಕ್ರಾಂತಿಯ ಆಸುಪಾಸಿಗೆ. ಬೇಳೆಯಾಗಿ ಮಂಡಿಗೆ ಬಂದು ಬೆಲೆ ಸ್ವಲ್ಪ ಇಳಿಯುವ ಹೊತ್ತಿಗೆ ಶಿವರಾತ್ರಿ. ಆಗ ತರಬೇಕು, ಬಿಸಿಲೂ ಆಗಲೇ ಖಡಕ್ಕಾಗುವುದು. ಮೈಸೂರಿನವರು ಸಂತೆಪೇಟೆಗೆ ಹೋಗಿ, ಬೆಂಗಳೂರಿನವರು ಯಶವಂತಪುರದ ಯಾರ್ಡಿಗೆ ಹೋಗಿ. ನಾಲ್ಕು ಜನರ ಮನೆಗೆ ವರ್ಷಕ್ಕೆ ಇಪ್ಪತ್ತೈದು ಕೆಜಿ ಮೂಟೆ ಸಾಕು. ಫ್ಲಾಟಿನಲ್ಲಿ ಜಾಗವಿಲ್ಲ ಅನ್ನುವವರು ಇನ್ನೊಂದು ಮನೆಯವರ ಜೊತೆ ಸೇರಿ ಅರ್ಧರ್ಧ ಮಾಡಿಕೊಳ್ಳಿ. ತರುವ ಮೊದಲು ಒಂದು ಬೇಳೆ ಬಾಯಿಗೆ ಹಾಕಿ ಕಚ್ಚಿ. ಕಟ್ ಅನ್ನಬೇಕು. ಹಲ್ಲಿಗೆ ಮೆತ್ತಗೆ ಸಿಕ್ಕಿದರೆ ಅದರಲ್ಲಿ ತೇವ ಇದೆ, ಎಷ್ಟು ಅಗ್ಗವಾದರೂ ಬೇಡ.

ಮನೆಗೆ ತಂದ ತಕ್ಷಣ ಡಬ್ಬಿಗೆ ಸುರಿಯುತ್ತೀರಲ್ಲ, ತಪ್ಪು ಶುರುವಾಗುವುದೇ ಅಲ್ಲಿ. ಮೊದಲು ಜರಡಿ ಹಿಡಿಯಬೇಕು, ಆಮೇಲೆ ಮೊರದಲ್ಲಿ ಕೇರಬೇಕು. ಹುಡಿ, ನುಚ್ಚು ಒಂದು ಚೂರೂ ಉಳಿಯಬಾರದು. ಹುಳಕ್ಕೆ ಮೊದಲ ಊಟ ಅದೇ. ನುಚ್ಚನ್ನು ಎಸೆಯಬೇಡಿ, ಬೇರೆ ಎತ್ತಿಟ್ಟು ಆ ವಾರವೇ ಸಾರಿಗೆ ಮುಗಿಸಿ.

ಆಮೇಲೆ ಬಿಸಿಲು. ಮೆತ್ತಗೆ ಹಳತಾದ ಹತ್ತಿ ಸೀರೆ ಹಾಸಿ, ಬೇಳೆಯನ್ನು ತೆಳ್ಳಗೆ ಹರಡಿ. ಹೊತ್ತು ಏರಿದ ಮೇಲೆ ಹಾಕಿ, ನಾಲ್ಕು ಗಂಟೆಯೊಳಗೆ ಎತ್ತಿ. ಸಂಜೆಯವರೆಗೂ ಬಿಟ್ಟರೆ ಬೆಳಿಗ್ಗೆಯಿಂದ ಒಣಗಿದ್ದೆಲ್ಲ ಥಂಡಿಗೆ ವಾಪಸು. ನಡುವೆ ಎರಡು ಸಲ ಕೈಯಾಡಿಸಿ. ಎರಡು ದಿನ ಖಡಕ್ ಬಿಸಿಲಾದರೆ ಸಾಕು, ಮೋಡ ಇದ್ದರೆ ಮೂರು. ತಾರಸಿಯಲ್ಲಿ ಕಾಯುತ್ತಾ ಕೂತಾಗ ಹಗ್ಗದ ಮೇಲಿನ ಬಟ್ಟೆ ನೋಡಿ ಮೈ ಉರಿಯುತ್ತದೆ. ಬಣ್ಣದ ಬಟ್ಟೆಯನ್ನೆಲ್ಲ ಹೊರಮೈ ಬಿಸಿಲಿಗೆ ಮಾಡಿ ಒಣಹಾಕಿರುತ್ತಾರೆ. ಆರು ತಿಂಗಳಿಗೆ ಬಿಳಿಚಿಕೊಂಡ ಮೇಲೆ ಹೊಸ ಚೂಡಿದಾರ ಬೇಕು. ಒಳಮೈ ಹೊರಗೆ ಮಾಡಿ ಒಣಗಿಸಿದರೆ ಕೈ ಸವೆಯುತ್ತದೆಯೇ?

ಬಿಸಿಲಿನಿಂದ ಎತ್ತಿದ ಬೇಳೆ ರಾತ್ರಿಯೆಲ್ಲ ಮನೆಯೊಳಗೆ ಹರಡಿಕೊಂಡು ಆರಬೇಕು. ಮರುದಿನ ಹರಳೆಣ್ಣೆ. ಗಾಣದ್ದಾದರೆ ಒಳ್ಳೆಯದು. ಎಣ್ಣೆಯನ್ನು ಉಗುರು ಬೆಚ್ಚಗೆ ಮಾಡಿಕೊಳ್ಳಿ, ತಣ್ಣಗಿದ್ದರೆ ಗಟ್ಟಿಯಾಗಿ ಒಂದೇ ಕಡೆ ಮೆತ್ತಿಕೊಳ್ಳುತ್ತದೆ. ಅಗಲವಾದ ಬೋಗುಣಿಗೆ ಎರಡು ಮೂರು ಸೇರು ಬೇಳೆ ಹಾಕಿ. ಎಣ್ಣೆಯನ್ನು ಬೇಳೆಯ ಮೇಲೆ ಸುರಿಯಬೇಡಿ! ಎಷ್ಟು ಸಲ ಹೇಳಿದರೂ ಹುಡುಗಿಯರು ಸುರಿದೇ ಬಿಡುತ್ತಾರೆ. ಎಣ್ಣೆ ಅಂಗೈಗೆ ಹಾಕಿಕೊಳ್ಳಬೇಕು, ಎರಡೂ ಅಂಗೈ ಉಜ್ಜಿಕೊಳ್ಳಬೇಕು, ಆ ಕೈಯನ್ನು ಬೇಳೆಯೊಳಗೆ ತಳದವರೆಗೆ ಇಳಿಸಿ, ಮಗುವಿಗೆ ಎಣ್ಣೆ ನೀವುವ ಹಾಗೆ ಮೆಲ್ಲಗೆ ತಿರುವಬೇಕು. ಕೈ ಒಣಗಿದ ಮೇಲೆ ಇನ್ನೊಂದು ನಾಲ್ಕು ಹನಿ. ಎಷ್ಟು ಎಣ್ಣೆ ಅಂತ ಕೇಳಬೇಡಿ. ಬೇಳೆಗೆ ಹೊಳಪು ಬರಬೇಕು, ಒಂದಕ್ಕೊಂದು ಅಂಟಬಾರದು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಸರಸರ ಅಂತ ಬಿಡಿಬಿಡಿಯಾಗಿ ಬೀಳಬೇಕು, ಅಂಗೈಯಲ್ಲಿ ಮಾತ್ರ ಜಿಡ್ಡು ನಿಂತಿರಬೇಕು. ನಮ್ಮತ್ತೆ ಕಣ್ಣು ಮುಚ್ಚಿಕೊಂಡು ಆ ಸದ್ದು ಕೇಳಿಯೇ "ಸಾಕು" ಅನ್ನುತ್ತಿದ್ದರು. ಎಣ್ಣೆ ಸವರಿದ ಬೇಳೆಯ ಮೇಲೆ ಹುಳದ ಮೊಟ್ಟೆ ನಿಲ್ಲುವುದಿಲ್ಲ, ಇದ್ದದ್ದೂ ಉಸಿರುಗಟ್ಟುತ್ತದೆ. ಅಂಗಡಿಯಲ್ಲಿ ಎಣ್ಣೆಬೇಳೆ ಅಂತ ಸಿಗುತ್ತದೆ, ನಿಜ. ಯಾವ ಎಣ್ಣೆ, ಎಷ್ಟು ಹಳತು ಅಂತ ನಿಮಗೆ ಗೊತ್ತೇ?

ಎಣ್ಣೆ ಸವರಿದ ಮೇಲೆ ಮತ್ತೊಂದು ದಿನ ಬಿಸಿಲು. ಇದನ್ನು ಬಿಟ್ಟವರ ಬೇಳೆ ಮಳೆಗಾಲದಲ್ಲಿ ಕಮಟು ವಾಸನೆ ಬರುತ್ತದೆ. ಮತ್ತೆ ರಾತ್ರಿ ಆರಿಸಿ, ಆಮೇಲೆ ಡಬ್ಬಿಗೆ. ಬಿಸಿ ಇದ್ದಾಗಲೇ ಮುಚ್ಚಿದರೆ ಒಳಗೆ ಬೆವೆತು ಎಲ್ಲ ಹಾಳು. ನಾನು ಮೊದಲ ವರ್ಷ ಹೀಗೇ ಮಾಡಿ ಅರ್ಧ ಡಬ್ಬಿ ಬೇಳೆಗೆ ಬೂಷ್ಟು ಹಿಡಿಸಿದ್ದೆ. ಅತ್ತೆ ಬೈಯಲಿಲ್ಲ, ಮರುದಿನ ಬರೀ ನೀರುಸಾರು ಮಾಡಿ ಬಡಿಸಿದರು. ಇವತ್ತಿಗೂ ಮರೆತಿಲ್ಲ. ಡಬ್ಬಿಯನ್ನೂ ತೊಳೆದು ಬಿಸಿಲಿಗಿಟ್ಟಿರಬೇಕು. ತಳಕ್ಕೆ ನೆರಳಿನಲ್ಲಿ ಒಣಗಿದ ಬೇವಿನೆಲೆ, ಮೇಲೆ ನಾಲ್ಕು ತೊಟ್ಟಿರುವ ಒಣಮೆಣಸಿನಕಾಯಿ. ಹುಳಕ್ಕೆ ಅಂತ ಹಾಕುವ ಬೋರಿಕ್ ಪುಡಿ ನಮ್ಮ ಮನೆಯ ಹೊಸ್ತಿಲು ದಾಟಿಲ್ಲ, ದಾಟುವುದೂ ಇಲ್ಲ. ದಿನದ ಬಳಕೆಗೆ ಹದಿನೈದು ದಿನಕ್ಕೊಮ್ಮೆ ಚಿಕ್ಕ ಡಬ್ಬಿಗೆ ತೆಗೆದುಕೊಳ್ಳಿ. ದೊಡ್ಡ ಡಬ್ಬಿಗೆ ಒದ್ದೆ ಕೈ ಹಾಕಿದವರನ್ನು ನಾನು ಅಡುಗೆಮನೆಯಿಂದ ಆಚೆ ಕಳಿಸುತ್ತೇನೆ, ಮೊಮ್ಮಗಳಾದರೂ ಸರಿ.

ಬೇಯಿಸುವ ಮೊದಲು ಬಿಸಿನೀರಿನಲ್ಲಿ ಎರಡು ಸಲ ಚೆನ್ನಾಗಿ ಉಜ್ಜಿ ತೊಳೆಯಿರಿ. ಹರಳೆಣ್ಣೆ ಹೊಟ್ಟೆಗೆ ಹೋದರೆ ಭೇದಿ. ನಮ್ಮ ನೆಂಟರ ಹುಡುಗಿಯೊಬ್ಬಳು ತಣ್ಣೀರಲ್ಲಿ ಅದ್ದಿ ತೆಗೆದು ಬೇಯಿಸಿ, "ನಿಮ್ಮ ಬೇಳೆ ವಾಸನೆ" ಅಂತ ನನಗೇ ಹೇಳಿದಳು. ತೊಳೆದು ಅರ್ಧ ಗಂಟೆ ನೆನೆಸಿಡಿ, ಕುಕ್ಕರಿನ ಒಂದೆರಡು ಕೂಗು ಉಳಿಯುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಬೇಳೆಗೆ ಮಾತ್ರ ಕಾವೇರಿ ನೀರು ಹಿಡಿದಿಟ್ಟುಕೊಳ್ಳಿ. ಹುಣಸೆಹುಳಿಯನ್ನು ಬೇಳೆ ಕರಗಿದ ಮೇಲೆ ಹಾಕಿ. ಮೊದಲೇ ಹಾಕಿ ಆರು ಕೂಗು ಕೂಗಿಸುತ್ತೀರಿ, ಸಿಲಿಂಡರ್ ಬೇಗ ಖಾಲಿಯಾಯಿತು ಅನ್ನುತ್ತೀರಿ.

ಉಳಿದದ್ದೂ ಹೀಗೇ. ಬ್ಯಾಡಗಿ ಮೆಣಸಿನಕಾಯಿ, ಧನಿಯ, ಹುಣಸೆಹಣ್ಣು ಎಲ್ಲ ಯುಗಾದಿಯ ಒಳಗೆ ಮನೆ ಸೇರಬೇಕು. ಮೆಣಸಿನಕಾಯಿಯ ತೊಟ್ಟು ತೆಗೆಯದೆ ಇಡಿ. ಹುಣಸೆಹಣ್ಣಿನ ಬೀಜ ನಾರು ತೆಗೆದು ಕಲ್ಲುಪ್ಪು ಬೆರೆಸಿ ಪಿಂಗಾಣಿ ಜಾಡಿಗೆ ಒತ್ತಿ ತುಂಬಿ. ಇಷ್ಟು ಮನೆಯಲ್ಲಿದ್ದರೆ ಸಾರಿಗೆ, ಹುಳಿಗೆ ಅಂತ ಫೋನು ಮುಟ್ಟುವ ಕೆಲಸವೇ ಇಲ್ಲ. ಆದರೆ ಮಕ್ಕಳ ಹಾಲಿನಲ್ಲಿ, ವಯಸ್ಸಾದವರ ಔಷಧಿಯಲ್ಲಿ, ದುಡಿಯುವವರ ಟರ್ಮ್ ಇನ್ಶೂರೆನ್ಸಿನಲ್ಲಿ ಉಳಿಸಲು ಹೋಗಬೇಡಿ. ಅದು ಉಳಿತಾಯವಲ್ಲ.

ಇನ್ನು ಉಳಿದ ದುಡ್ಡು. ಅದು ಸೇವಿಂಗ್ಸ್ ಖಾತೆಯಲ್ಲೇ ಬಿದ್ದಿದ್ದರೆ ದೀಪಾವಳಿಗೆ ಟಿವಿ ಆಗುತ್ತದೆ. ತಿಂಗಳು ತಿಂಗಳು ಆರ್.ಡಿ.ಗೆ, ಅಂದರೆ ತಿಂಗಳ ಠೇವಣಿಗೆ ಹಾಕಿ, ಒಂದು ಕಂತಿನಷ್ಟಾದ ಕೂಡಲೇ ಸಾಲದ ಖಾತೆಗೆ ಕಟ್ಟಿ. ಕಟ್ಟುವಾಗ "ಇಎಂಐ ಇಳಿಸುವುದು ಬೇಡ, ಅವಧಿ ಇಳಿಸಿ" ಅಂತ ಬರೆದುಕೊಡಿ. ಬಾಯಲ್ಲಿ ಹೇಳಿದರೆ ಸಾಲದು. ದಂಡ ಹಾಕುತ್ತಾರೆ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಬದಲಾಗುವ ಬಡ್ಡಿಯ ಗೃಹಸಾಲಕ್ಕೆ ಮುಂಚಿತವಾಗಿ ಕಟ್ಟಿದರೆ ಬ್ಯಾಂಕು ದಂಡ ಹಾಕುವಂತಿಲ್ಲ ಅಂತ ರಿಸರ್ವ್ ಬ್ಯಾಂಕು 2012ರಲ್ಲೇ ಹೇಳಿದೆ. ತೆರಿಗೆ ಉಳಿಯುತ್ತದೆ ಅಂತ ಸಾಲ ಎಳೆಯುವವರೂ ಇದ್ದಾರೆ. ವಾಸದ ಮನೆಯ ಬಡ್ಡಿಗೆ ವಿನಾಯಿತಿ ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿ, ಅದೂ ವರ್ಷಕ್ಕೆ ಎರಡು ಲಕ್ಷದವರೆಗೆ. ನೂರು ರೂಪಾಯಿ ಬಡ್ಡಿ ಕಟ್ಟಿ ಮೂವತ್ತು ಉಳಿಸುವ ಲೆಕ್ಕ ನನ್ನ ತಲೆಗೆ ಹತ್ತುವುದಿಲ್ಲ.

ವರ್ಷಕ್ಕೊಮ್ಮೆ ಸಾಲದ ಸ್ಟೇಟ್‌ಮೆಂಟ್ ತೆಗೆಸಿ ಇನ್ನೆಷ್ಟು ಕಂತು ಬಾಕಿ ಅಂತ ಓದಿ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಶೇಕಡಾ 4ರಿಂದ 6.5ಕ್ಕೆ ಏರಿತಲ್ಲ, ಆಗ ನನ್ನ ತಂಗಿಯ ಮಗಳ ಕಂತು ಒಂದು ರೂಪಾಯಿ ಹೆಚ್ಚಾಗಲಿಲ್ಲ. ಅವಳು ಖುಷಿಯಾಗಿದ್ದಳು. ನೋಡಿದರೆ ಇಪ್ಪತ್ತು ವರ್ಷದ ಸಾಲ ಮೂವತ್ತರ ಹತ್ತಿರ ಎಳೆದಿತ್ತು. ಬಡ್ಡಿ ಬದಲಾದಾಗ ಕಂತು ಏರಿಸಬೇಕೋ ಅವಧಿ ಏರಿಸಬೇಕೋ ಅಂತ ಬ್ಯಾಂಕು ಸಾಲಗಾರರನ್ನು ಕೇಳಬೇಕು ಅನ್ನುವ ನಿಯಮ 2023ರ ಆಗಸ್ಟಿನಲ್ಲಿ ಬಂದಿದೆ. ಕೇಳದಿದ್ದರೆ ನೀವೇ ಹೋಗಿ ಕೇಳಿ.

ಕೊನೆಯ ಕಂತು ಕಟ್ಟಿ ಸಿಹಿ ಹಂಚಿ ಸುಮ್ಮನಾಗಬೇಡಿ. ಸಾಲ ತೀರಿದ 30 ದಿನದೊಳಗೆ ಬ್ಯಾಂಕಿನವರು ಮನೆಯ ಮೂಲ ಪತ್ರಗಳನ್ನು ವಾಪಸು ಕೊಡಬೇಕು, ಅವರಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ನಿಮಗೆ ಕೊಡಬೇಕು. 2023ರ ಡಿಸೆಂಬರ್‌ನಿಂದ ಹೀಗಿದೆ. ನಮಗೆ 2005ರಲ್ಲಿ ಈ ಅನುಕೂಲ ಇರಲಿಲ್ಲ, ಯಜಮಾನರು ನಾಲ್ಕು ತಿಂಗಳು ತಿರುಗಿದರು. ಪತ್ರ ಕೈಗೆ ಬಂದ ದಿನ ಪುಟ ಎಣಿಸಿ, ಸಾಲ ಪಡೆಯುವಾಗ ಕೊಟ್ಟ ಪಟ್ಟಿಯ ಜೊತೆ ತಾಳೆ ನೋಡಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಡಮಾನ ನೋಂದಣಿಯಾಗಿದ್ದರೆ ಅದನ್ನು ತೆಗೆಸಿ, ಹೊಸ ಇ.ಸಿ. (ಋಣಭಾರ ಪತ್ರ) ತಗೊಂಡು ಅದರಲ್ಲಿ ಋಣ ತೀರಿದ್ದು ಬಂದಿದೆಯೇ ಅಂತ ಕಣ್ಣಾರೆ ನೋಡಿದ ಮೇಲೆ ಪತ್ರಗಳನ್ನು ಬೀರುವಿನಲ್ಲಿಡಿ.