ಒಂದು ನೊಗಕ್ಕೆ ಎರಡು ಎತ್ತು: ರಸಾಯನಶಾಸ್ತ್ರದ ಲೆಕ್ಕ ತಪ್ಪದಂತೆ ಮಾಡುವ ಬಗೆ

56 ಗ್ರಾಂ ನೈಟ್ರೋಜನ್ ಇದೆ, 10 ಗ್ರಾಂ ಹೈಡ್ರೋಜನ್ ಇದೆ. ಇವು ಪೂರ್ತಿಯಾಗಿ ವರ್ತಿಸಿದರೆ ಗರಿಷ್ಠ ಎಷ್ಟು ಅಮೋನಿಯಾ ಸಿಗುತ್ತದೆ?

ಪ್ರಥಮ ಪಿಯು ತರಗತಿಗೆ ಬಂದ ಮಕ್ಕಳಿಗೆ ನಾನು ಮೊದಲು ಕೊಡುವ ಲೆಕ್ಕ ಇದು. ಬಹಳಷ್ಟು ನೋಟ್‌ಬುಕ್‌ಗಳಲ್ಲಿ 68 ಗ್ರಾಂ ಎಂಬ ಉತ್ತರ ಇರುತ್ತದೆ, ಅದರ ಕೆಳಗೆ ಎರಡು ಗೆರೆಯನ್ನೂ ಎಳೆದಿರುತ್ತಾರೆ. ಹಾಕಿದ್ದು 56 ಮತ್ತು 10, ಒಟ್ಟು 66 ಗ್ರಾಂ. ಬಂದದ್ದು 68. ಎರಡು ಗ್ರಾಂ ಎಲ್ಲಿಂದ ಬಂತು ಎಂದು ಕೇಳಿದಾಗ ಮಕ್ಕಳ ಮುಖದಲ್ಲಿ ಮೂಡುವ ಗಾಬರಿ ನೋಡಿದರೆ ನನಗೆ ಸಂಕಟವಾಗುತ್ತದೆ. ಅವರು ದಡ್ಡರಲ್ಲ. ಗುಣಾಕಾರ, ಭಾಗಾಕಾರ ಎಲ್ಲವೂ ಸರಿ ಇರುತ್ತವೆ. ತಪ್ಪಿರುವುದು ಒಂದೇ ಒಂದು ಕಡೆ. ಆ ಜಾಗವನ್ನು ತೋರಿಸುವುದಕ್ಕಾಗಿಯೇ ಈ ಲೇಖನ.

ಹಂತ 1: ಸಮೀಕರಣ ಸರಿದೂಗಿಸಿ

ಸರಿದೂಗಿಸುವುದು ಎಂದರೆ ಸಮೀಕರಣದ ಎರಡೂ ಬದಿಯಲ್ಲಿ ಆಯಾ ಪರಮಾಣುಗಳ ಸಂಖ್ಯೆ ಸಮವಾಗುವಂತೆ ಮಾಡುವುದು. ಸರಿದೂಗಿಸದ ಸಮೀಕರಣದ ಮೇಲೆ ಒಂದು ಅಂಕಿಯನ್ನೂ ಬರೆಯಬೇಡಿ. ನಮ್ಮ ಲೆಕ್ಕದಲ್ಲಿ ಒಂದು ಪಾಲು ನೈಟ್ರೋಜನ್, ಮೂರು ಪಾಲು ಹೈಡ್ರೋಜನ್, ಎರಡು ಪಾಲು ಅಮೋನಿಯಾ. ಇದನ್ನು ಬಾಯಿಬಿಟ್ಟು ಹೇಳಿ, ಹಾಳೆಯ ಮೇಲ್ಭಾಗದಲ್ಲಿ 1 : 3 : 2 ಎಂದು ದೊಡ್ಡದಾಗಿ ಬರೆದುಕೊಳ್ಳಿ. ಸಮೀಕರಣವನ್ನು ತಾನೇ ಸರಿದೂಗಿಸಿಕೊಡುವ ಮೊಬೈಲ್ ಆ್ಯಪ್‌ಗಳನ್ನು ಕಲಿಯುವ ದಿನಗಳಲ್ಲಿ ಖಂಡಿತ ಬಳಸಬೇಡಿ. ಈ ಅಂಕಿಗಳು ಎಲ್ಲಿಂದ ಬಂದವು ಎಂದು ಕೈಯಾರೆ ಕಂಡುಕೊಳ್ಳದವರಿಗೆ ಮುಂದಿನ ಹಂತಗಳೆಲ್ಲ ಕತ್ತಲು.

ಹಂತ 2: ಒಂದು ಮೋಲ್‌ನ ತೂಕ

ಮೋಲ್ ಎಂದರೆ ಡಜನ್ ಇದ್ದಂತೆ, ಕಣಗಳ ಒಂದು ನಿಗದಿತ ಎಣಿಕೆ. ಒಂದು ಮೋಲ್ ನೈಟ್ರೋಜನ್ 28 ಗ್ರಾಂ, ಹೈಡ್ರೋಜನ್ 2 ಗ್ರಾಂ, ಅಮೋನಿಯಾ 17 ಗ್ರಾಂ. ಇಲ್ಲಿ ಎರಡು ಎಚ್ಚರ ಬೇಕು. ನೈಟ್ರೋಜನ್, ಹೈಡ್ರೋಜನ್, ಆಕ್ಸಿಜನ್ ಅನಿಲಗಳು ಜೋಡಿ ಪರಮಾಣುಗಳ ಅಣುಗಳಾಗಿರುತ್ತವೆ. ಆದ್ದರಿಂದ ಆಕ್ಸಿಜನ್ ಅನಿಲಕ್ಕೆ 16 ಅಲ್ಲ, 32.

ಎರಡನೆಯದು ಇದಕ್ಕಿಂತ ಮುಖ್ಯ. ಸೂತ್ರದ ಮುಂದೆ ಇರುವ ಅಂಕಿಯನ್ನು ಮೋಲ್‌ನ ತೂಕಕ್ಕೆ ಗುಣಿಸಬೇಡಿ. ಮೂರು ಹೈಡ್ರೋಜನ್ ಇದೆಯಲ್ಲ ಎಂದು 2ನ್ನು 3ರಿಂದ ಗುಣಿಸಿ 6 ಮಾಡಿಕೊಂಡು, ಮುಂದೆ ಅನುಪಾತ ಹಾಕುವಾಗ ಅದೇ 3ನ್ನು ಮತ್ತೊಮ್ಮೆ ಬಳಸುವವರಿದ್ದಾರೆ. ಅವರಿಗೆ ಬರುವ ಉತ್ತರ 18.9 ಗ್ರಾಂ. ಒಂದೇ ಸಾಲವನ್ನು ಎರಡು ಸಲ ತೀರಿಸಿದಂತೆ. ಮೋಲ್‌ನ ತೂಕ ಆಯಾ ಪದಾರ್ಥದ ಗುಣ. ಅದು ಯಾವ ಸಮೀಕರಣದಲ್ಲಿ ಬಂದರೂ ಬದಲಾಗುವುದಿಲ್ಲ.

ಹಂತ 3: ಗ್ರಾಂನಿಂದ ಮೋಲ್‌ಗೆ

56ನ್ನು 28ರಿಂದ ಭಾಗಿಸಿದರೆ 2 ಮೋಲ್ ನೈಟ್ರೋಜನ್. 10ನ್ನು 2ರಿಂದ ಭಾಗಿಸಿದರೆ 5 ಮೋಲ್ ಹೈಡ್ರೋಜನ್. ಇಷ್ಟೇ.

ಹಂತ 4: ಮೊದಲು ಖಾಲಿಯಾಗುವುದು ಯಾವುದು?

ಎಡವುವುದು ಇಲ್ಲಿ. ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ ಬಂದ ಮಕ್ಕಳು ‘ಲಿಮಿಟಿಂಗ್ ರಿಯೇಜೆಂಟ್’ ಎಂಬ ಹೆಸರು ಕೇಳಿಯೇ ಅರ್ಧ ಧೈರ್ಯ ಕಳೆದುಕೊಳ್ಳುತ್ತಾರೆ. ಹೆಸರು ಪಕ್ಕಕ್ಕಿರಲಿ. ಇದು ಮೊದಲು ಮುಗಿದುಹೋಗಿ, ಕ್ರಿಯೆಯನ್ನು ಅಲ್ಲಿಗೇ ನಿಲ್ಲಿಸುವ ಪ್ರತಿವರ್ತಕ.

ಹೊಲ ಉಳುವುದಕ್ಕೆ ಒಂದು ನೊಗಕ್ಕೆ ಎರಡು ಎತ್ತು ಬೇಕು. ನಿಮ್ಮಲ್ಲಿ 5 ನೊಗ, 8 ಎತ್ತು ಇವೆ ಎಂದುಕೊಳ್ಳಿ. ಎಣಿಸಿದರೆ ನೊಗವೇ ಕಡಿಮೆ. ಆದರೆ ಹೂಡುವುದಕ್ಕೆ ಹೋದರೆ 8 ಎತ್ತುಗಳಿಗೆ 4 ಜೋಡಿ, ಅಂದರೆ 4 ನೊಗ ಸಾಕು. ಐದನೆಯ ನೊಗ ಕೊಟ್ಟಿಗೆಯ ಗೋಡೆಗೆ ಒರಗಿಕೊಂಡೇ ಇರುತ್ತದೆ. ಸಂಖ್ಯೆಯಲ್ಲಿ ಹೆಚ್ಚಿದ್ದರೂ ಕೊರತೆಯಾದದ್ದು ಎತ್ತು. ಇದು ನಿಮಗೆ ಗೊತ್ತಾದದ್ದು ಹೇಗೆ? ಎತ್ತುಗಳ ಸಂಖ್ಯೆಯನ್ನು 2ರಿಂದ ಭಾಗಿಸಿದಿರಿ, ನೊಗಗಳ ಸಂಖ್ಯೆಯನ್ನು 1ರಿಂದ ಭಾಗಿಸಿದಿರಿ, ಆಮೇಲೆ ಹೋಲಿಸಿದಿರಿ.

ಅಮೋನಿಯಾದ ಲೆಕ್ಕಕ್ಕೂ ಇದನ್ನೇ ಮಾಡಿ. ಪ್ರತಿಯೊಂದರ ಮೋಲ್ ಸಂಖ್ಯೆಯನ್ನು ಸಮೀಕರಣದಲ್ಲಿ ಅದರ ಮುಂದಿರುವ ಅಂಕಿಯಿಂದ ಭಾಗಿಸಿ. ನೈಟ್ರೋಜನ್: 2 ÷ 1 = 2. ಹೈಡ್ರೋಜನ್: 5 ÷ 3 = 1.67. ಚಿಕ್ಕದು ಹೈಡ್ರೋಜನ್. ಮೊದಲು ಮುಗಿಯುವುದು ಅದೇ.

68 ಗ್ರಾಂ ಬರೆದವರು 2 ಮತ್ತು 5ನ್ನು ನೇರವಾಗಿ ಹೋಲಿಸಿ, ನೈಟ್ರೋಜನ್ ಕಡಿಮೆ ಎಂದು ತೀರ್ಮಾನಿಸಿದ್ದರು. 2 ಮೋಲ್ ನೈಟ್ರೋಜನ್ ಪೂರ್ತಿ ಮುಗಿಯಬೇಕಾದರೆ 6 ಮೋಲ್ ಹೈಡ್ರೋಜನ್ ಬೇಕು. ಇರುವುದು 5.

ಇನ್ನು ಕೆಲವರು ಗ್ರಾಂಗಳನ್ನೇ ಹೋಲಿಸುತ್ತಾರೆ. 56ಕ್ಕಿಂತ 10 ಕಡಿಮೆ, ಆದ್ದರಿಂದ ಹೈಡ್ರೋಜನ್ ಎನ್ನುತ್ತಾರೆ. ಈ ಲೆಕ್ಕದಲ್ಲಿ ಉತ್ತರ ಸರಿ ಬಂದುಬಿಡುತ್ತದೆ, ಅದೇ ಅಪಾಯ. ದಾರಿ ತಪ್ಪಾಗಿದ್ದರೂ ಪೂರ್ತಿ ಅಂಕ ಸಿಕ್ಕಿದರೆ ಆ ತಪ್ಪು ವರ್ಷಗಟ್ಟಲೆ ಬಿಡುವುದಿಲ್ಲ. ‘ಕಡಿಮೆ ತೂಕದ್ದೇ ಮೊದಲು ಮುಗಿಯುತ್ತದೆ’ ಎಂದು ಅಚ್ಚು ಹಾಕಿದ ಗೈಡ್ ಒಂದನ್ನು ವಿದ್ಯಾರ್ಥಿನಿಯೊಬ್ಬಳು ತಂದು ತೋರಿಸಿದ್ದಳು. ಆ ಸಾಲಿಗೆ ಹಸಿರು ಬಣ್ಣ ಬಳಿದಿದ್ದಳು ಪಾಪ. ‘ಒಂದೇ ನಿಮಿಷದ ಸೂತ್ರ’ ಎಂದು ಮಾರುವ ಇಂಥ ಪುಸ್ತಕಗಳಿಗೆ ದಯವಿಟ್ಟು ದುಡ್ಡು ಹಾಕಬೇಡಿ. ಪಠ್ಯಪುಸ್ತಕದ ಅಭ್ಯಾಸದ ಲೆಕ್ಕಗಳನ್ನು ಎರಡು ಸಲ ಮಾಡಿದರೆ ಬೇರೇನೂ ಬೇಕಾಗಿಲ್ಲ.

ಹಂತ 5: ಉತ್ಪನ್ನಕ್ಕೆ ದಾಟಿ, ಮತ್ತೆ ಗ್ರಾಂಗೆ ಬನ್ನಿ

ಇಲ್ಲಿಂದ ಮುಂದೆ ಹೈಡ್ರೋಜನ್ ಒಂದನ್ನೇ ಹಿಡಿದುಕೊಳ್ಳಿ. ಮೂರಕ್ಕೆ ಎರಡು ಅಮೋನಿಯಾ, ಹಾಗಾದರೆ ಐದಕ್ಕೆ 10/3 ಮೋಲ್. ಅದನ್ನು 17ರಿಂದ ಗುಣಿಸಿದರೆ 170/3, ಅಂದರೆ 56.67 ಗ್ರಾಂ.

10/3 ಎಂದೇ ಇಟ್ಟುಕೊಂಡದ್ದನ್ನು ಗಮನಿಸಿ. ಭಿನ್ನರಾಶಿಯನ್ನು ಕೊನೆಯವರೆಗೂ ಒಡೆಯಬಾರದು ಎಂಬುದು ನನ್ನ ಹಟ. ನಡುವೆಯೇ 1.67ನ್ನು 1.7 ಎಂದು ಮಾಡಿಕೊಂಡವರಿಗೆ 57.8 ಬರುತ್ತದೆ, ಒಂದು ಗ್ರಾಂಗಿಂತ ಹೆಚ್ಚು ವ್ಯತ್ಯಾಸ. ನೀಟ್, ಸಿಇಟಿ ಕೊಠಡಿಯೊಳಗೆ ಕ್ಯಾಲ್ಕುಲೇಟರ್ ಬಿಡುವುದಿಲ್ಲ. ಭಿನ್ನರಾಶಿಯಲ್ಲಿ ಕೈ ಪಳಗಿದವರಿಗೆ ಅಲ್ಲಿ ಕಷ್ಟವೇ ಆಗುವುದಿಲ್ಲ.

ಪ್ರಶ್ನೆಯಲ್ಲಿ ಇಳುವರಿ ಶೇಕಡಾ ಇಷ್ಟು ಎಂದು ಕೊಟ್ಟಿದ್ದರೆ ಅದನ್ನು ಈ ಕೊನೆಯ ಉತ್ತರಕ್ಕೆ ಮಾತ್ರ ಹಾಕಿ. ಕಾರ್ಖಾನೆಗಳಲ್ಲಿಯೂ ಈ ಅನಿಲಗಳು ಒಂದೇ ಸುತ್ತಿಗೆ ಪೂರ್ತಿ ಅಮೋನಿಯಾ ಆಗುವುದಿಲ್ಲ. ಉಳಿದದ್ದನ್ನು ಮತ್ತೆ ಮತ್ತೆ ಕಬ್ಬಿಣದ ವೇಗವರ್ಧಕದ ಮೇಲೆ ಹಾಯಿಸುತ್ತಾರೆ.

ಉತ್ತರವನ್ನು ಲೀಟರ್‌ನಲ್ಲಿ ಕೇಳಿದರೆ ಮೊದಲು ಒತ್ತಡ ಎಷ್ಟೆಂದು ನೋಡಿ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಅಟ್ಮಾಸ್ಫಿಯರ್ ಎಂದಿದ್ದರೆ ಮೋಲ್‌ಗೆ 22.4 ಲೀಟರ್, ಒಂದು ಬಾರ್ ಎಂದಿದ್ದರೆ 22.7 ಲೀಟರ್. ಹಳೆಯ ಪುಸ್ತಕ ನೋಡಿ ಒಂದು, ಹೊಸದು ನೋಡಿ ಇನ್ನೊಂದು ಕಲಿತವರು ಇಲ್ಲಿ ವಿನಾಕಾರಣ ಅಂಕ ಕಳೆದುಕೊಳ್ಳುತ್ತಾರೆ. ಘನ ಮತ್ತು ದ್ರವಗಳಿಗೆ ಈ ಎರಡು ಅಂಕಿಗಳೂ ಅನ್ವಯಿಸುವುದಿಲ್ಲ.

ಹಂತ 6: ತೂಗಿ ನೋಡಿ

ಈ ಹಂತ ಯಾರೂ ಹೇಳಿಕೊಡುವುದಿಲ್ಲ, ನಾನು ಬಿಡುವುದಿಲ್ಲ. ಬಳಕೆಯಾದ ನೈಟ್ರೋಜನ್ 5/3 ಮೋಲ್, ಅಂದರೆ 46.67 ಗ್ರಾಂ. 56ರಲ್ಲಿ ಅದನ್ನು ಕಳೆದರೆ ಉಳಿದದ್ದು 9.33 ಗ್ರಾಂ. ಈಗ ಅಮೋನಿಯಾ 56.67, ಉಳಿದ ನೈಟ್ರೋಜನ್ 9.33, ಕೂಡಿಸಿದರೆ 66. ಹಾಕಿದ್ದೂ 66. ಕ್ರಿಯೆಯಲ್ಲಿ ದ್ರವ್ಯರಾಶಿ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ ಎಂದು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲವಾಸಿಯೆ ಹದಿನೆಂಟನೇ ಶತಮಾನದಲ್ಲಿ ತಕ್ಕಡಿ ಹಿಡಿದು ತೋರಿಸಿದ್ದು ಇದನ್ನೇ. ಅರ್ಧ ನಿಮಿಷದ ಕೆಲಸ. 68 ಬರೆದ ಮಕ್ಕಳು ಈ ಕೂಡಿಸುವ ಲೆಕ್ಕವೊಂದನ್ನು ಮಾಡಿದ್ದರೆ ತಪ್ಪನ್ನು ತಾವೇ ಹಿಡಿಯುತ್ತಿದ್ದರು.

ಇನ್ನೊಂದನ್ನು ನೀವೇ ಮಾಡಿ. ರೈಲು ಹಳಿಗಳನ್ನು ಬೆಸೆಯುವ ಥರ್ಮಿಟ್ ಕ್ರಿಯೆಯಲ್ಲಿ ಒಂದು ಪಾಲು ಫೆರಿಕ್ ಆಕ್ಸೈಡ್ (ಮೋಲ್‌ಗೆ 160 ಗ್ರಾಂ) ಎರಡು ಪಾಲು ಅಲ್ಯೂಮಿನಿಯಂ (27 ಗ್ರಾಂ) ಜೊತೆ ಸೇರಿ, ಒಂದು ಪಾಲು ಅಲ್ಯೂಮಿನಿಯಂ ಆಕ್ಸೈಡ್ (102 ಗ್ರಾಂ) ಮತ್ತು ಎರಡು ಪಾಲು ಕಬ್ಬಿಣ (56 ಗ್ರಾಂ) ಕೊಡುತ್ತದೆ. 160 ಗ್ರಾಂ ಫೆರಿಕ್ ಆಕ್ಸೈಡ್, 60 ಗ್ರಾಂ ಅಲ್ಯೂಮಿನಿಯಂ ತೆಗೆದುಕೊಳ್ಳಿ. ಇಲ್ಲಿ ಮೊದಲು ಮುಗಿಯುವುದು ಹೆಚ್ಚು ತೂಕದ ಫೆರಿಕ್ ಆಕ್ಸೈಡೇ. ಕಬ್ಬಿಣ 112 ಗ್ರಾಂ, ಅಲ್ಯೂಮಿನಿಯಂ ಆಕ್ಸೈಡ್ 102 ಗ್ರಾಂ, ಉಳಿದ ಅಲ್ಯೂಮಿನಿಯಂ 6 ಗ್ರಾಂ. ಒಟ್ಟು 220 ಬಂತೇ ನೋಡಿಕೊಳ್ಳಿ.